ಕೆಂಡದ ಮೇಲಿನ ಕೋಳಿ

ನನ್ನ ಊರು ಮನಗೂಳಿ. ಹೊರ ಜಿಲ್ಲೆಗಳ ಗೆಳೆಯರ ಮುಂದೆ ಈ ಹೆಸರು ಹೇಳಿದಾಗಲೆಲ್ಲ ಯಾರಾದರೊಬ್ಬರು 'ಮನೆಗೋಳಿಯೇ?' ಎಂದು ಕೇಳಿ ನಗುವುದುಂಟು. ನಾನೂ ನಕ್ಕು ಸುಮ್ಮನಾಗುತ್ತೇನೆ. ಶಾಸನಗಳಲ್ಲಿ ನಮ್ಮೂರಿನ ಹೆಸರು ಮಣಿಂಗವಳ್ಳಿ. ಅದು ತರ್ದವಾಡಿ ಸಾಸಿರದೊಳಗಿನ ಊರು. ಕಳಚುರಿ ಬಿಜ್ಜಳನ ಕಾಲದ, 1161ರ ಶಾಸನವೊಂದು ಇಲ್ಲಿದೆ. ಫ್ಲೀಟ್ ಸಾಹೇಬರು ಅದನ್ನು ಓದಿ ಪ್ರಕಟಿಸಿದ ಮೇಲೆ, ಅದರಲ್ಲಿ ಬರುವ ಬಸವನು ಯಾರು ಎಂಬುದರ ಮೇಲೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೌಮಾರ ವ್ಯಾಕರಣ ಹೇಳಿಕೊಡುವವನಿಗೆ ಭೂಮಿ ಬಿಟ್ಟ ಸಂಗತಿಯೂ ಅದರಲ್ಲಿದೆ. ಕನ್ನಡ ಮೇಷ್ಟ್ರಾದ ನನಗೆ ಇದಕ್ಕಿಂತ ಹೆಮ್ಮೆ ಬೇರೆ ಬೇಕೆ? ಆದರೆ ಇಂದು ನಾನು ಹೇಳಹೊರಟಿರುವುದು ವ್ಯಾಕರಣದ ಮಾತಲ್ಲ. ಗೆಳೆಯರ ತಮಾಷೆಯನ್ನೇ ನಿಜವೆಂದು ಹಿಡಿದು, ಮನೆಯ ಕೋಳಿಯ ಮಾತನ್ನೇ ಹೇಳುತ್ತೇನೆ. ಸಸ್ಯಾಹಾರಿ ಓದುಗರು ಮನ್ನಿಸಬೇಕು.

ನಮ್ಮದು ಡೋಣಿ ಸೀಮೆಯ ಎರೆಭೂಮಿ. ಜೋಳ ಬೆಳೆಯುತ್ತದೆ, ಮರ ಬೆಳೆಯುವುದು ಕಡಿಮೆ. ಮಲೆನಾಡಿನವರು ಕಾಡಿಗೆ ಹೋಗಿ ಬೇಕಾದ ಕಟ್ಟಿಗೆ ಆಯ್ದು ತರುವಂತೆ ನಮ್ಮವರು ತರುವಂತಿಲ್ಲ. ಬದುವಿನ ಜಾಲಿ, ಬಾವಿಯ ಹತ್ತಿರದ ಬೇವು, ಎಲ್ಲೋ ಒಂದು ಹುಣಸೆ. ಉಳಿದದ್ದೆಲ್ಲ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು. ಇರುವುದೇ ಇಷ್ಟಾದ್ದರಿಂದ ಯಾವುದರ ಗುಣ ಏನೆಂಬುದನ್ನು ನಮ್ಮ ಹೆಣ್ಣುಮಕ್ಕಳು ಬಲು ಚೆನ್ನಾಗಿ ಅರಿತಿದ್ದರು.

ನನ್ನ ಆಯಿ, ಎಂದರೆ ತಂದೆಯ ತಾಯಿ, ಕೋಳಿ ಸುಡುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ. ಹಬ್ಬದ ಮರುದಿನದ ಕರಿಗೆ ಒಮ್ಮೆ. ಸೀತನಿಯ ಕಾಲದಲ್ಲಿ ಹೊಲದಲ್ಲಿ ಇನ್ನೊಮ್ಮೆ. ಎಳೆ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಶೇಂಗಾಚಟ್ನಿಯೊಡನೆ ಎಲ್ಲರೂ ತಿಂದಾದ ಮೇಲೆ ಅದೇ ಕುಣಿ ಕೋಳಿಗೆ ಒಲೆಯಾಗುತ್ತಿತ್ತು. ಪುಕ್ಕ ಕಿತ್ತ ಕೋಳಿಯನ್ನು ಮೊದಲು ತೊಗರಿಕಟ್ಟಿಗೆಯ ಉರಿಯಲ್ಲಿ ಆಡಿಸಿ ಸಣ್ಣ ಕೂದಲನ್ನೆಲ್ಲ ಸುಡುವಳು. ಆ ಉರಿ ಭರ್ರೆಂದು ಏಳುತ್ತದೆ, ಭರ್ರೆಂದು ಆರುತ್ತದೆ. ಚರ್ಮ ಕಾಯುವುದೇ ಹೊರತು ಬೇಯುವುದಿಲ್ಲ. ಆಮೇಲೆ ಅರಿಸಿನ, ಉಪ್ಪು, ಬೆಳ್ಳುಳ್ಳಿ, ಕೆಂಪು ಖಾರ ಸವರಿ ಕಬ್ಬಿಣದ ಸಳಿಗೆ ಚುಚ್ಚಿ ಜಾಲಿಯ ಕೆಂಡದ ಮೇಲೆ ಹಿಡಿಯಬೇಕು. ಜಾಲಿ ಗಟ್ಟಿ ಮರ. ಅದರ ಕೆಂಡ ಬಹಳ ಹೊತ್ತು ಬಾಳುತ್ತದೆ.

ಒಮ್ಮೆ ನಾನು ಜಾಣತನ ತೋರಿಸಲೆಂದು ಬೇವಿನ ತುಂಡೊಂದನ್ನು ಒಲೆಗೆ ಒಟ್ಟಿದೆ. ಆಯಿ ಅದನ್ನು ಎಳೆದು ಬಿಸಾಡಿದಳು. "ತಮ್ಮಾ, ಬೇವಿನ ಕಟಿಗಿ ಇಡಬ್ಯಾಡ, ಹೊಗಿ ಕಹಿ ಅಕ್ಕೈತಿ. ಕಳ್ಳಿ, ಕಣಗಿಲಿ ಅಂತೂ ಮುಟ್ಟೇ ಮುಟಬ್ಯಾಡ, ಅದು ವಿಷ." ಹತ್ತಿಗೆ ಕೀಟನಾಶಕ ಹೊಡೆಯುವುದು ಹೆಚ್ಚಾದ ಮೇಲೆ ಹತ್ತಿಕಟ್ಟಿಗೆಯನ್ನೂ ಅಡಿಗೆಯ ಒಲೆಯಿಂದ ದೂರವಿಟ್ಟಳು: "ಎಣ್ಣಿ ಹೊಡದದ್ದು, ಅದರ ಹೊಗಿ ನಮಗ್ಯಾಕ?" ಆಕೆ ಶಾಲೆಯ ಮುಖ ಕಂಡವಳಲ್ಲ. ಆದರೆ ಕಣಗಿಲೆಯ ಗಿಡವೆಲ್ಲ ವಿಷವೆಂದೂ, ಹಸಿ ಕಟ್ಟಿಗೆಯ ದಟ್ಟ ಬಿಳಿ ಹೊಗೆ ಮಾಂಸಕ್ಕೆ ಕಹಿ ತರುವುದೆಂದೂ, ಗಟ್ಟಿ ಮರದೊಳಗಿನ ಲಿಗ್ನಿನ್ ಎಂಬ ವಸ್ತು ಕಾದು ಒಡೆದಾಗ ಹುಟ್ಟುವ ಫೀನಾಲುಗಳೇ ಸುಟ್ಟಡಿಗೆಯ ಪರಿಮಳಕ್ಕೆ ಕಾರಣವೆಂದೂ ಓದಿದಾಗ, ಇದನ್ನೆಲ್ಲ ಎಲ್ಲಿಯೋ ಕೇಳಿದ್ದೇನಲ್ಲ ಎನಿಸಿತು.

ಇನ್ನು ಗ್ರಂಥಗಳ ಕಡೆಗೆ ಬರೋಣ. ಕನ್ನಡದಲ್ಲಿ ಅಡಿಗೆಯ ಶಾಸ್ತ್ರಕ್ಕೆ ಕೊರತೆಯಿಲ್ಲ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ಪ್ರಕರಣವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಇಡಿಯಾಗಿ ಅಡಿಗೆಯದೇ. ಇಬ್ಬರ ಒಲೆಯ ಮೇಲೂ ಮಾಂಸವಿಲ್ಲ. ಮಾಂಸದ ಪಾಕ ಬೇಕಾದರೆ ಕಲ್ಯಾಣದ ಅರಮನೆಗೇ ಹೋಗಬೇಕು. 1126ರ ಸುಮಾರಿಗೆ ಪಟ್ಟಕ್ಕೆ ಬಂದ ಚಾಳುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ಕ್ಕೆ ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರ ಅನ್ನಭೋಗದಲ್ಲಿ ಹಂದಿಯ ರೋಮ ತೆಗೆಯುವ ಬಗೆಯಿದೆ: ಮೇಲೆ ಬಿಳಿಯ ಬಟ್ಟೆ ಹೊದಿಸಿ ಕುದಿನೀರು ಸುರಿಯಬೇಕು, ಇಲ್ಲವೆ ಮಣ್ಣು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಡಬೇಕು. ಮಾಂಸದ ತುಂಡುಗಳಿಗೆ ಮಸಾಲೆ ಹಿಡಿಸಿ, ಕಬ್ಬಿಣದ ಸಳಿಗೆ ಪೋಣಿಸಿ, ಕೆಂಡದ ಮೇಲೆ ಸುಡುವ 'ಭಡಿತ್ರಕ'ದ ವಿವರವೂ ಇದೆ. ಮಜ್ಜಿಗೆಗೆ ಇಂಗಿನ ಹೊಗೆ ಕೊಡುವುದನ್ನು ಕೂಡ ಅರಸು ಮರೆತಿಲ್ಲ. ಕೋಳಿಗೆ ಆತ ಬೇರೆಯೇ ಗೌರವ ಕೊಟ್ಟಿದ್ದಾನೆ: ಕೋಳಿಕಾಳಗಕ್ಕೆಂದೇ ಒಂದು ಅಧ್ಯಾಯ!

ಈ ಪುಟಗಳನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹುಲ್ಲಿನ ಉರಿ, ಕಬ್ಬಿಣದ ಸಳಿ, ಕೆಂಡ: ಇವೆಲ್ಲ ನಮ್ಮ ಹೊಲದ ಕುಣಿಯಲ್ಲಿ ನಾನು ಕಣ್ಣಾರೆ ಕಂಡವೇ. ಅರಮನೆಯಿಂದ ಇದು ಹಳ್ಳಿಗೆ ಇಳಿಯಿತೋ, ಹಳ್ಳಿಯಿಂದ ಅರಮನೆಗೆ ಏರಿತೋ? ಎರಡನೆಯದೇ ಹೆಚ್ಚು ಸಹಜವೆಂದು ನನಗೆ ತೋರುತ್ತದೆ. ಒಲೆಯ ಮುಂದೆ ಅರಸು ಕೂಡುವುದಿಲ್ಲ, ಕೂಡುವವರು ಬರೆಯುವುದಿಲ್ಲ.

ಮುಂದಿನ ಕಾಲದ ಸಾಕ್ಷ್ಯ ಪರದೇಶಿಗಳದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪಾಯೆಸನು, ಒಂದು ಸಣ್ಣ ನಾಣ್ಯಕ್ಕೆ ನಗರದೊಳಗೆ ಮೂರು ಕೋಳಿ, ಹೊರಗಾದರೆ ನಾಲ್ಕು ಕೋಳಿ ಸಿಗುತ್ತಿದ್ದವೆಂದು ಬರೆದಿದ್ದಾನೆ. ಕೊಳ್ಳುವವನಿಗೆ ತಿಳಿಯಲೆಂದು ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕೆಂಬ ಕಟ್ಟಳೆಯಿತ್ತೆಂದು ನೂನಿಜ್ ಹೇಳುತ್ತಾನೆ. ಕೋಳಿಯ ಬೆಲೆ ಬರೆದವರಿದ್ದಾರೆ. ಅದನ್ನು ಮನೆಗೆ ಒಯ್ದು ಯಾವ ಕಟ್ಟಿಗೆಯಲ್ಲಿ ಸುಟ್ಟರೆಂದು ಬರೆದವರನ್ನು ನಾನು ಕಂಡಿಲ್ಲ.

ಹೊರಗಿನ ಲೋಕದಲ್ಲಿ ಈ ವಿದ್ಯೆಗೆ ಇಂದು ಬಹಳ ಮಾನ. 1947ರ ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡು ದಿಲ್ಲಿಗೆ ಬಂದವರು ತಂದೂರಿನ ಕೋಳಿಯನ್ನು ಲೋಕಪ್ರಸಿದ್ಧ ಮಾಡಿದರು. ಅಮೆರಿಕದ ಟೆಕ್ಸಾಸಿನಲ್ಲಿ ಮೆಸ್ಕಿಟ್ ಎಂಬ ಕಟ್ಟಿಗೆಯ ಹೊಗೆಯ ರುಚಿಗೆ ಮನಸೋತವರು ಬಹಳ. ಈ ಮೆಸ್ಕಿಟ್ ಯಾರೆಂದುಕೊಂಡಿರಿ? ನಮ್ಮ ದಾರಿಬದಿಯಲ್ಲಿ ಎಲ್ಲರಿಂದಲೂ ಬೈಸಿಕೊಳ್ಳುವ ಬಳ್ಳಾರಿ ಜಾಲಿಯ ದಾಯಾದಿ! 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಉರುವಲಿಗೆಂದು ಹೊರನಾಡಿನಿಂದ ತಂದ ಗಿಡವದು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಹಳೆಯ ಸಾಲ ಉಳಿದಿದೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ 'ನಮ್ಮ ಮನೆಯ ಹಬ್ಬದೂಟ' ಎಂಬ ಪ್ರಬಂಧ ಬರೆಯಲು ಹೇಳಿದ್ದರು. ಓರಗೆಯ ಹುಡುಗರು ನಕ್ಕಾರೆಂಬ ಅಂಜಿಕೆಯಿಂದ ನಾನು ಕರಿಯ ಕೋಳಿಯನ್ನು ಬಿಟ್ಟು, ಆಯಿ ಮಾಡಿದ ಹೋಳಿಗೆಯ ಬಗೆಗೆ ಮೂರು ಪುಟ ಬರೆದೆ. ಗುರುಗಳು ಬೆನ್ನು ತಟ್ಟಿದರು. ಮನೆಗೆ ಬಂದು ಆಯಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಹೋಳಗಿ ನಿಮ್ಮವ್ವ ಮಾಡ್ಯಾಳಲ್ಲೋ ತಮ್ಮಾ, ನಾ ಏನ ಮಾಡೀನಿ ಅನ್ನೂದು ಬರದೇ ಇಲ್ಲ" ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ.

ಈಗ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ' ಪಾಠ ಮಾಡುತ್ತೇನೆ. ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನ ಕಥೆ ಅದು. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದು ಕವಿಯ ಮಾತಿನ ಸಾರ. ಪಾಠ ಅಲ್ಲಿಗೆ ಬಂದಾಗ ನನ್ನ ದನಿ ಕೊಂಚ ತಗ್ಗುತ್ತದೆ. ಹಿಟ್ಟಿನದನ್ನು ಮುಂದಿಟ್ಟು ನಿಜವಾದದ್ದನ್ನು ಮುಚ್ಚಿದವನು ನಾನೂ ಹೌದು. ನೊಂದ ಜೀವ ಕೋಳಿಯದಲ್ಲ, ಅಷ್ಟೆ.

ಆಯಿ ಹೋಗಿ ಹನ್ನೆರಡು ವರ್ಷವಾಯಿತು. ಕೊನೆಕೊನೆಗೆ ಕೆಮ್ಮು ಆಕೆಯನ್ನು ಬಿಡಲೇ ಇಲ್ಲ. ಆದ್ದರಿಂದ ಹೊಗೆಯನ್ನು ಹಾಡಿ ಹೊಗಳಲು ನನಗೆ ಬಾಯಿಲ್ಲ. ಮನೆಯೊಳಗಿನ ಒಲೆಗೆ ಗ್ಯಾಸು ಬಂದದ್ದು ಒಳ್ಳೆಯದೇ ಆಯಿತು. ಆದರೆ ಜಾಲಿಯ ಕೆಂಡದ ಮೇಲೆ ಕೊನೆಯ ಗಳಿಗೆಯಲ್ಲಿ ಆಕೆ ಒಂದು ಹಿಡಿ ಏನನ್ನೋ ಉದುರಿಸುತ್ತಿದ್ದಳು. ಒಂದು ತೆಳ್ಳಗಿನ ಹೊಗೆ ಎದ್ದು ಕೋಳಿಯನ್ನು ಸುತ್ತಿಕೊಳ್ಳುತ್ತಿತ್ತು. ಜೋಳದ ಹೊಟ್ಟೋ, ಒಣಗಿದ ಹುಣಸೆಯ ಸಿಪ್ಪೆಯೋ, ನಾನು ಕೇಳಲಿಲ್ಲ. ಶಾಸನದ ಒಂದು ಅಳಿಸಿದ ಅಕ್ಷರಕ್ಕಾಗಿ ಬಿಸಿಲಲ್ಲಿ ಅರ್ಧ ದಿನ ನಿಂತವನು ನಾನು. ಒಲೆಯ ಮುಂದೆ ಅರ್ಧ ಗಳಿಗೆ ಕುಳಿತು ಕೇಳಿದ್ದರೆ ಆಕೆ ಹೇಳುತ್ತಿದ್ದಳು.

ನಿಮ್ಮ ಮನೆಯಲ್ಲಿ ಇಂಥ ಹಿರಿಯ ಜೀವವಿದ್ದರೆ, ಈ ಭಾನುವಾರ ಪುರವಣಿಯನ್ನು ಮಡಿಸಿಟ್ಟು ಹೋಗಿ ಕೇಳಿರಿ.