ಕ್ಯಾಮೆರಾ ಕಾಣದ ಎರಡು ವರ್ಷಗಳು



1974ರ ಏಪ್ರಿಲ್ 8ರ ರಾತ್ರಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಹ್ಯಾಂಕ್ ಆರನ್ ಎಂಬ ಬೇಸ್‌ಬಾಲ್ ಆಟಗಾರರು ತಮ್ಮ 715ನೆಯ ಹೋಂ ರನ್ ಹೊಡೆದರು. ಚೆಂಡನ್ನು ಬೇಲಿಯಾಚೆ ಅಟ್ಟಿ, ನಾಲ್ಕೂ ನೆಲೆಗಳನ್ನು ಸುತ್ತಿ ಬರುವುದೇ ಹೋಂ ರನ್. ಬೇಬ್ ರೂತ್ ಅವರ ಹೆಸರಿನಲ್ಲಿ ದಶಕಗಳ ಕಾಲ ಉಳಿದಿದ್ದ 714ರ ದಾಖಲೆ ಅಂದು ಮುರಿಯಿತು. ಟೆಲಿವಿಷನ್ ಕ್ಯಾಮೆರಾಗಳು ಆ ಹೊಡೆತವನ್ನು ಸೆರೆಹಿಡಿದವು. ಅದನ್ನು ಇಂದೂ ನೋಡಬಹುದು. ನಮ್ಮ ಮಾಧ್ಯಮದ ಬಲವೂ ಇದೇ, ಮಿತಿಯೂ ಇದೇ. ಗೆದ್ದ ಕ್ಷಣವನ್ನು ಅದು ಮತ್ತೆ ಮತ್ತೆ ತೋರಿಸಬಲ್ಲದು. ಗೆಲ್ಲಲು ಕಲಿತ ವರ್ಷಗಳನ್ನು ಮಾತ್ರ ಇತಿಹಾಸದಲ್ಲಿ ಹುಡುಕಬೇಕು.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯೋಣ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಮೇಜರ್ ಲೀಗ್ ಎಂಬುದು ಮೇಲಿನ ಅಂತಸ್ತು. ಅದರ ಕೆಳಗೆ ಮೈನರ್ ಲೀಗ್‌ಗಳ ಮೆಟ್ಟಿಲುಗಳಿವೆ. ಭತ್ತದ ಸಸಿಯನ್ನು ಮಡಿಯಲ್ಲಿ ಬೆಳೆಸಿ ಆಮೇಲೆ ಗದ್ದೆಗೆ ನಾಟಿ ಮಾಡುವಂತೆ, ಎಳೆಯ ಆಟಗಾರರನ್ನು ಇಲ್ಲಿ ಬೆಳೆಸಿ ಮೇಲಕ್ಕೆ ಕಳಿಸುತ್ತಾರೆ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಈ ಪದ್ಧತಿಗೆ ಗಟ್ಟಿಯಾದ ರೂಪ ಕೊಟ್ಟರು. ಆದರೆ ಈ ಮಡಿಗೆ ಎಲ್ಲ ಸಸಿಗಳಿಗೂ ಪ್ರವೇಶವಿರಲಿಲ್ಲ. ಕಪ್ಪು ಜನರು ಪ್ರತ್ಯೇಕ ಲೀಗ್‌ಗಳಲ್ಲೇ ಆಡಬೇಕಿತ್ತು. ಅದೇ ರಿಕಿ, ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿದ್ದಾಗ, ಜಾಕಿ ರಾಬಿನ್ಸನ್ ಅವರನ್ನು 1946ರಲ್ಲಿ ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಆಡಿಸಿ, 1947ರ ಏಪ್ರಿಲ್ 15ರಂದು ಮೇಜರ್ ಲೀಗ್‌ಗೆ ತಂದರು. ಬಾಗಿಲು ತೆರೆಯಿತು, ಆದರೆ ಪೂರ್ತಿಯಾಗಿ ಅಲ್ಲ.

ಅಲಬಾಮಾ ರಾಜ್ಯದ ಮೊಬೈಲ್ ಎಂಬ ಊರಿನಲ್ಲಿ 1934ರ ಫೆಬ್ರವರಿ 5ರಂದು ಹುಟ್ಟಿದ ಹೆನ್ರಿ ಆರನ್ ಆಗ ಹದಿಮೂರರ ಹುಡುಗ. ಬಡತನದ ಮನೆ. ಕೋಲಿನಿಂದ ಸೀಸೆಯ ಮುಚ್ಚಳಗಳನ್ನು ಹೊಡೆದು ಕಲಿತವನು. ಬಲಗೈ ಆಟಗಾರನಾಗಿದ್ದರೂ ಎಡಗೈಯನ್ನು ಮೇಲಿಟ್ಟು ಬ್ಯಾಟ್ ಹಿಡಿಯುತ್ತಿದ್ದ. ತಿದ್ದಿ ಹೇಳುವ ಗುರುವಿಲ್ಲದ ಕಲಿಕೆ ಅದು; ವೃತ್ತಿಯ ಆರಂಭದಲ್ಲಿ ಅದನ್ನು ತಿದ್ದಿಕೊಂಡ. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ಕಪ್ಪು ಆಟಗಾರರ ತಂಡ ಸೇರಲು ಹೊರಟಾಗ ಅವನ ಕಿಸೆಯಲ್ಲಿದ್ದುದು ಎರಡು ಡಾಲರ್. ಕೆಲವೇ ವಾರಗಳಲ್ಲಿ ಬ್ರೇವ್ಸ್ ತಂಡದವರು ಕ್ಲೌನ್ಸ್‌ಗೆ 10,000 ಡಾಲರ್ ಕೊಡಲು ಒಪ್ಪಿ ಅವನನ್ನು ತಮ್ಮ ಕಡೆ ಸೆಳೆದುಕೊಂಡರು.

ಮೊದಲ ಮೆಟ್ಟಿಲು ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್. ಇದು ಕೆಳಹಂತದ 'ಸಿ' ದರ್ಜೆಯ ಲೀಗ್. ಸುತ್ತ ಎಲ್ಲಿ ನೋಡಿದರೂ ಬಿಳಿಯರೇ ಇದ್ದ ಊರಿನಲ್ಲಿ ಹದಿನೆಂಟರ ಹುಡುಗನಿಗೆ ಮನೆಯ ನೆನಪು ಕಾಡಿತು. ಆಟ ಬಿಟ್ಟು ಬರುತ್ತೇನೆಂದು ಮನೆಗೆ ಫೋನ್ ಮಾಡಿದ. ಇಂಥ ಅವಕಾಶ ಬಿಟ್ಟು ಬರುವುದು ಹುಚ್ಚುತನವೆಂದು ಅಣ್ಣ ತಿಳಿಹೇಳಿದ. ಹುಡುಗ ಉಳಿದ. ಆ ಋತುವಿನಲ್ಲಿ ಅವನ ಬ್ಯಾಟಿಂಗ್ ಸರಾಸರಿ .336. ಈ ಅಂಕಿಯ ಅರ್ಥವೇನು ಗೊತ್ತೇ? ಸಾವಿರ ಅವಕಾಶಗಳಿಗೆ 336ರಂತೆ ಚೆಂಡನ್ನು ಹೊಡೆದು ಸುರಕ್ಷಿತವಾಗಿ ನೆಲೆ ಮುಟ್ಟಿದ ಎಂದು. ಬೇಸ್‌ಬಾಲ್‌ನಲ್ಲಿ ಹತ್ತಕ್ಕೆ ಮೂರು ಸಲ ಗೆದ್ದವನೇ ಉತ್ತಮ ಬ್ಯಾಟ್ಸ್‌ಮನ್. ಏಳು ಸಲ ಸೋಲುವುದನ್ನು ಅವನು ಸಹಿಸಲೇಬೇಕು.

ಎರಡನೆಯ ಮೆಟ್ಟಿಲು ಇನ್ನೂ ಕಡಿದಾಗಿತ್ತು. 1953ರಲ್ಲಿ ಅವನನ್ನು ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ, 'ಎ' ದರ್ಜೆಯ ಸೌತ್ ಅಟ್ಲಾಂಟಿಕ್ ಲೀಗ್‌ಗೆ ಕಳಿಸಿದರು. ಅದುವರೆಗೆ ಬಿಳಿಯರೇ ಆಡುತ್ತಿದ್ದ ಆ ಲೀಗ್‌ಗೆ ಮೊದಲು ಕಾಲಿಟ್ಟ ಕಪ್ಪು ಆಟಗಾರರಲ್ಲಿ ಆರನ್, ಫೆಲಿಕ್ಸ್ ಮಾಂಟಿಯಾ ಮತ್ತು ಹೊರೇಸ್ ಗಾರ್ನರ್ ಸೇರಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಪ್ರತ್ಯೇಕತೆಯೇ ಕಾನೂನು. ಒಂದೇ ಬಸ್ಸಿನಲ್ಲಿ ಬಂದ ಜೊತೆಗಾರರು ಹೋಟೆಲಿಗೆ ಹೋದರೆ, ಇವರು ಕಪ್ಪು ಜನರ ಮನೆಗಳಲ್ಲಿ ತಂಗಬೇಕು. ಊಟಕ್ಕೂ ಬೇರೆ ಜಾಗ. ಮೈದಾನದಲ್ಲಿ ಪ್ರೇಕ್ಷಕರ ಬೈಗುಳ. ತಂಡದ ವ್ಯವಸ್ಥಾಪಕ ಬೆನ್ ಗೆರಾಟಿ, ಬಿಳಿಯರಾಗಿದ್ದರೂ, ಈ ಆಟಗಾರರಿದ್ದಲ್ಲಿಗೆ ಹೋಗಿ ಜೊತೆಗೆ ಕುಳಿತು ಮಾತನಾಡುತ್ತಿದ್ದುದನ್ನು ಆರನ್ ಮುಂದೆಂದೂ ಮರೆಯಲಿಲ್ಲ.

ಆ ವರ್ಷದ ಫಲಿತಾಂಶ ನೋಡಿ: ಸರಾಸರಿ .362, ಹೋಂ ರನ್ 22, ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಎಲ್ಲವೂ ಸಲೀಸಾಗಿರಲಿಲ್ಲ. ಎರಡನೆಯ ನೆಲೆ ಕಾಯುವಾಗ ಅವನು ಹಲವು ತಪ್ಪುಗಳನ್ನು ಮಾಡಿದ. ಹಾಗಾಗಿ ಚಳಿಗಾಲದಲ್ಲಿ ಪೋರ್ಟೊ ರಿಕೊಗೆ ಹೋಗಿ, ಮೈದಾನದ ಹೊರವಲಯದಲ್ಲಿ ನಿಂತು ಆಡುವುದನ್ನು ಕಲಿತ.

ಆ ಕಲಿಕೆಯೇ ಕೈಹಿಡಿಯಿತು. 1954ರ ಮಾರ್ಚ್‌ನಲ್ಲಿ ಬ್ರೇವ್ಸ್ ತಂಡದ ಹೊರವಲಯದ ಆಟಗಾರ ಬಾಬಿ ಥಾಮ್ಸನ್ ಅವರ ಕಾಲಿನ ಹರಡು ಮುರಿಯಿತು. ತೆರವಾದ ಜಾಗಕ್ಕೆ ಆರನ್ ಬಂದ. ಅದೃಷ್ಟವೆನ್ನುವಿರಾ? ಜಾಗ ಖಾಲಿಯಾದದ್ದು ಆಕಸ್ಮಿಕ, ನಿಜ. ಅದನ್ನು ತುಂಬುವ ಸಿದ್ಧತೆ ಆಕಸ್ಮಿಕವಲ್ಲ. ಏಪ್ರಿಲ್ 13ರ ಮೊದಲ ಪಂದ್ಯದಲ್ಲಿ ಐದು ಅವಕಾಶಗಳಲ್ಲಿ ಒಂದರಲ್ಲೂ ಅವನು ಯಶಸ್ವಿಯಾಗಲಿಲ್ಲ. ಹತ್ತು ದಿನಗಳ ನಂತರ ಮೊದಲ ಹೋಂ ರನ್ ಬಂತು. ಮುಂದಿನ ತಿಂಗಳು, ಮೇ 17ರಂದು, ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೋಟೆಲುಗಳ ಬಾಗಿಲು ಕಾನೂನಿನ ಬಲದಿಂದ ತೆರೆಯಲು 1964ರವರೆಗೆ ಕಾಯಬೇಕಾಯಿತು. ಅಂದರೆ, ನ್ಯಾಯಾಲಯ ಮತ್ತು ಶಾಸನಸಭೆಗಳಿಗಿಂತ ಮೊದಲೇ ಈ ಹುಡುಗರು ಆ ಪರೀಕ್ಷೆಗೆ ಕುಳಿತಿದ್ದರು.

ದ್ವೇಷ ಅಲ್ಲಿಗೆ ಮುಗಿಯಲಿಲ್ಲ. ರೂತ್ ದಾಖಲೆಯನ್ನು ಸಮೀಪಿಸುತ್ತಿದ್ದಾಗ ಆರನ್ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬಂದವು. ಅವರು ಆಡಿದರು. 1976ರಲ್ಲಿ ನಿವೃತ್ತರಾದಾಗ ಅವರ ಹೋಂ ರನ್‌ಗಳು 755. ಆ ದಾಖಲೆ 2007ರವರೆಗೆ ಉಳಿಯಿತು. ಅನಂತರ ಅವರು ಬ್ರೇವ್ಸ್ ಸಂಸ್ಥೆಯಲ್ಲಿ ವಹಿಸಿಕೊಂಡ ಕೆಲಸ ಎಳೆಯ ಆಟಗಾರರನ್ನು ಬೆಳೆಸುವುದು, ಅಂದರೆ ತಾವು ಹತ್ತಿ ಬಂದ ಮೆಟ್ಟಿಲುಗಳ ಉಸ್ತುವಾರಿ. 2021ರ ಜನವರಿ 22ರಂದು ಅವರು ತೀರಿಕೊಂಡರು.

ಮಿತ್ರರೇ, .362 ಎಂಬ ಅಂಕಿ ಹೊಡೆತಗಳನ್ನು ಲೆಕ್ಕ ಇಡುತ್ತದೆ. ಆಟಗಾರ ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ, ಏನು ಉಂಡಿದ್ದ ಎಂಬುದನ್ನು ಅದು ಹೇಳುವುದಿಲ್ಲ. ಮುಂದೆ ನೀವು ಯಾವುದೇ ದಾಖಲೆಯನ್ನು ಓದುವಾಗ, ಆ ಅಂಕಿಯ ಪಕ್ಕದಲ್ಲಿ ಈ ಪ್ರಶ್ನೆಯನ್ನೂ ಬರೆದುಕೊಳ್ಳಿ.