ಸ್ಯಾಕರಿನ್‌ನಿಂದ ಶುಗರ್ ಫ್ರೀವರೆಗೆ: ನಾಲ್ಕು ತಾಲ್ಲೂಕುಗಳ ಕೃತಕ ಸಿಹಿ

2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು ‘ಕ್ಯಾನ್ಸರ್ ತಂದರೂ ತರಬಹುದು’ ಎನ್ನುವ 2ಬಿ ಗುಂಪಿಗೆ ಸೇರಿಸಿತು. ಆ ಸುದ್ದಿ ಬಂದದ್ದೇ ತಡ, ಟೀಗೆ ಶುಗರ್ ಗುಳಿಗೆ ಹಾಕಿಕೊಳ್ಳುವ ಮಧುಗಿರಿಯ ಹಿರಿಯರು ಡಬ್ಬಿ ಹಿಡಿದುಕೊಂಡು ಬಂದು, “ಇದು ಕ್ಯಾನ್ಸರ್ ತರುತ್ತಂತಲ್ಲ ಸಾರ್, ಬಿಟ್‌ಬಿಡ್ಲಾ?” ಎಂದು ಕೇಳತೊಡಗಿದರು. ಅದೇ ದಿನ ಅದೇ ಸಂಸ್ಥೆಯ ಇನ್ನೊಂದು ತಜ್ಞರ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದು ಹೇಳಿತ್ತು. ಆ ಮಾತು ಯಾರ ಮೊಬೈಲಿಗೂ ಬಂದಿರಲಿಲ್ಲ. ಒಂದು ಗುಳಿಗೆಯಲ್ಲಿ ಇರುವುದು ಹೆಚ್ಚೆಂದರೆ 20 ಮಿಲಿಗ್ರಾಂ. 60 ಕಿಲೋ ತೂಕದವರು ಮಿತಿ ಮುಟ್ಟಬೇಕಾದರೆ ದಿನಕ್ಕೆ 120 ಗುಳಿಗೆ ನುಂಗಬೇಕು.

ಆಹಾರದ ಮಾದರಿಗಳನ್ನು ಪರೀಕ್ಷಿಸುತ್ತಲೇ ನೌಕರಿ ಮುಗಿಸಿದವನು ನಾನು. ಕೃತಕ ಸಿಹಿ ಎಂದೊಡನೆ ಪತ್ರಿಕೆಗಳು ಡಯಟ್ ಕೋಲಾದ ಚಿತ್ರ ಹಾಕುವುದನ್ನು ನೋಡಿ ನೋಡಿ ಸಾಕಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳ ಬಾಯಿಗೆ ಈ ಸಿಹಿ ಬಿದ್ದದ್ದು ಡಯಟ್ ಕೋಲಾದಿಂದ ಅಲ್ಲ. ಈ ಕ್ಷೇತ್ರ ಬೆಳೆದು ಬಂದ ಬಗೆಯನ್ನು ಒಮ್ಮೆ ನಮ್ಮ ಕಡೆಯಿಂದ ನಿಂತು ನೋಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಅಧ್ಯಾಯ ಎಲ್ಲರಿಗೂ ಗೊತ್ತಿರುವಂಥದ್ದು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಐರಾ ರೆಮ್ಸೆನ್ನರ ಪ್ರಯೋಗಶಾಲೆಯಲ್ಲಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್‌ಗೆ ಕೈಯೆಲ್ಲ ಸಿಹಿಯಾಗಿದ್ದು ಗೊತ್ತಾಗಿ ಸ್ಯಾಕರಿನ್ ಸಿಕ್ಕಿತು. 1937ರಲ್ಲಿ ಸೈಕ್ಲಮೇಟ್, 1965ರಲ್ಲಿ ಆಸ್ಪರ್ಟೇಮ್, 1967ರಲ್ಲಿ ಅಸಿಸಲ್ಫೇಮ್ ಬಂದವು. ಹೆಚ್ಚಿನವು ಕೈ ತೊಳೆಯದ ರಸಾಯನಶಾಸ್ತ್ರಜ್ಞರ ಕೊಡುಗೆ. ಸೈಕ್ಲಮೇಟನ್ನು ಅಮೆರಿಕ 1969ರಲ್ಲಿ ನಿಷೇಧಿಸಿತು; ನಮ್ಮ ನಿಯಮಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ.

ಎರಡನೆಯದು ಇಲಿಗಳ ಅಧ್ಯಾಯ. 1977ರಲ್ಲಿ, ಆಹಾರದ ನೂರಕ್ಕೆ ಐದರಷ್ಟು ಸ್ಯಾಕರಿನ್ ತಿನ್ನಿಸಿದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಂತಿಗಳು ಕಂಡವೆಂದು ಕೆನಡಾದಿಂದ ವರದಿ ಬಂತು. ಅಮೆರಿಕ ನಿಷೇಧಿಸಲು ಹೊರಟಿತು, ಜನ ಗಲಾಟೆ ಮಾಡಿದರು, ಕೊನೆಗೆ ಡಬ್ಬಿಯ ಮೇಲೊಂದು ಎಚ್ಚರಿಕೆ ಅಚ್ಚು ಹಾಕಿ ಕೈತೊಳೆದುಕೊಂಡರು. ಗಂಡು ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಟ್ಟಿ ಮೂತ್ರಕೋಶದ ಒಳಪದರವನ್ನು ತರಚುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ ಎಂಬುದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. 2000ದಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಿದರು. ಸ್ಯಾಕರಿನ್ ಕ್ಯಾನ್ಸರ್‌ಕಾರಕ ಎಂಬ ಮಾತು ಮಾತ್ರ ನಮ್ಮ ಪಠ್ಯಪುಸ್ತಕಗಳಿಂದ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಊರುಗಳಿಗೆ ಸ್ಯಾಕರಿನ್ ಬಂದದ್ದು ಆರೋಗ್ಯದ ಹೆಸರಿನಲ್ಲಲ್ಲ, ಬಡತನದ ದಾರಿಯಲ್ಲಿ. ಅದು ಸಕ್ಕರೆಗಿಂತ ಸುಮಾರು ಮುನ್ನೂರು ಪಟ್ಟು ಸಿಹಿ. ಒಂದು ಕಿಲೋ ಪುಡಿ ಇದ್ದರೆ ಮೂರು ಕ್ವಿಂಟಾಲ್ ಸಕ್ಕರೆಯ ಕೆಲಸ ಆಗುತ್ತದೆ. ಸಕ್ಕರೆಯನ್ನು ರೇಷನ್ ಕಾರ್ಡಿಗೆ ಅಳೆದು ಕೊಡುತ್ತಿದ್ದ ಕಾಲದಲ್ಲಿ ಗೋಲಿ ಸೋಡಾ, ಬಣ್ಣದ ಶರಬತ್ತು, ಐಸ್ ಕ್ಯಾಂಡಿ ಮಾಡುವವನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಕೊರಟಗೆರೆಯ ಕಡೆ ಕ್ಯಾಮೇನಹಳ್ಳಿಯ ದನಗಳ ಜಾತ್ರೆ, ಪಾವಗಡದ ಶನಿಮಹಾತ್ಮನ ಗುಡಿಯ ಮುಂದಿನ ಸಾಲು ಅಂಗಡಿ, ಶಿರಾದ ಸಂತೆ: ಬಿಸಿಲು ಏರಿದಷ್ಟೂ ಕ್ಯಾಂಡಿ ಡಬ್ಬದ ಸೈಕಲ್ಲಿನ ಸುತ್ತ ಮಕ್ಕಳು ಹೆಚ್ಚುತ್ತಿದ್ದರು. ಕ್ಯಾಂಡಿ ಚೀಪಿದ ಮೇಲೆ ನಾಲಿಗೆಯ ಬುಡದಲ್ಲಿ ಉಳಿಯುವ ಸಣ್ಣ ಕಹಿ ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಅದು ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಸ್ಯಾಕರಿನ್ ಸಿಹಿಯ ಗ್ರಾಹಕಕ್ಕೂ ತಗಲುತ್ತದೆ, ಕಹಿಯ ಕೆಲವು ಗ್ರಾಹಕಗಳಿಗೂ ತಗಲುತ್ತದೆ. ಕಹಿಯ ಆ ಗ್ರಾಹಕಗಳು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತವೆ. ಒಂದೇ ಮನೆಯ ಇಬ್ಬರಲ್ಲಿ ಒಬ್ಬರಿಗೆ ಬರೀ ಸಿಹಿ, ಇನ್ನೊಬ್ಬರಿಗೆ ಲೋಹ ನೆಕ್ಕಿದಂತೆ ಆಗುವುದು ಇದರಿಂದಲೇ.

ಇನ್ನು ನನ್ನ ತಲೆಮಾರಿನ ಮಾತು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ನಮ್ಮನ್ನು ತಯಾರು ಮಾಡಿದ್ದು ಒಂದೇ ಪ್ರಶ್ನೆಗೆ: ಇದೆಯೋ ಇಲ್ಲವೋ? ಕ್ಯಾಂಡಿಯನ್ನು ಕರಗಿಸಿ, ಆಮ್ಲ ಬೆರೆಸಿ, ಈಥರ್‌ನಲ್ಲಿ ಸೆಳೆದು ಆರಿಸಿದರೆ ತಳದಲ್ಲಿ ತೆಳುವಾದ ಬಿಳಿ ಪದರ ಉಳಿಯುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಸುಮಾರು 210 ಡಿಗ್ರಿಗೆ ಕಾಯಿಸಿದರೆ ಸ್ಯಾಕರಿನ್ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ. ಆಮೇಲೆ ಫೆರಿಕ್ ಕ್ಲೋರೈಡಿನ ಹನಿ ಬಿದ್ದರೆ ನೇರಳೆ ಬಣ್ಣ ಬರುತ್ತದೆ. ಮಾದರಿಯಲ್ಲಿ ಮೊದಲೇ ಸ್ಯಾಲಿಸಿಲಿಕ್ ಆಮ್ಲ ಇದ್ದರೂ ಅದೇ ಬಣ್ಣ ಬರುವುದರಿಂದ ಅದಿಲ್ಲವೆಂದು ಮುಂಚೆ ಖಾತ್ರಿ ಮಾಡಿಕೊಳ್ಳಬೇಕು. ಬಣ್ಣ ಬಂದರೆ ವರದಿ, ವರದಿ ಹೋದರೆ ಮೊಕದ್ದಮೆ. ಎಷ್ಟಿತ್ತು, ಅದನ್ನು ತಿಂದ ಮಗು ಎಷ್ಟು ತೂಕದ್ದು, ದಿನಕ್ಕೆ ಎಷ್ಟು ತಿನ್ನುತ್ತದೆ ಎಂದು ಯಾವ ನ್ಯಾಯಾಲಯವೂ ಕೇಳುತ್ತಿರಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದವರು. 1965ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಎಸ್.ಕೆ. ಖನ್ನಾ, ಮುಕುಲ್ ದಾಸ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸಕ್ಕೆ ಈ ದೇಶದಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ. ಅವರು ಬಾಟಲಿ ಪಾನೀಯಗಳ ಬೆನ್ನು ಹತ್ತಲಿಲ್ಲ. ಬೀದಿಯ ಐಸ್ ಕ್ಯಾಂಡಿ, ಬಣ್ಣ ಸುರಿದ ಐಸು, ಪಾನ್ ಮಸಾಲೆಗಳನ್ನು ತಂದು ಅಳೆದರು. ಜೊತೆಗೆ ಮನೆಮನೆಗೆ ಹೋಗಿ ಯಾರು ಎಷ್ಟು ತಿನ್ನುತ್ತಾರೆಂದು ಕೇಳಿ, ಎರಡನ್ನೂ ಗುಣಿಸಿದರು. 2006ರಲ್ಲಿ ಪ್ರಕಟವಾದ ಅವರ ಲಖನೌ ಸಮೀಕ್ಷೆಯಲ್ಲಿ ಬೀದಿಯ ಐಸಿನಲ್ಲಿ ಮಿತಿ ಮೀರಿದ ಸ್ಯಾಕರಿನ್ ಕಂಡಿತು. ಅಪಾಯದ ಅಂಚಿನಲ್ಲಿದ್ದವರು ಡಯಾಬಿಟಿಸ್ ಇದ್ದ ಮುದುಕರಲ್ಲ, ಪುಟ್ಟ ಮಕ್ಕಳು.

ಈ ಗುಣಾಕಾರವನ್ನು ಯಾರು ಬೇಕಾದರೂ ಮಾಡಬಹುದು. ಸ್ಯಾಕರಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ ಇಟ್ಟ ಮಿತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಯುರೋಪಿನವರು 2024ರಲ್ಲಿ ಅದನ್ನು 9ಕ್ಕೆ ಏರಿಸಿದ್ದಾರೆ. ಎರಡನೇ ತರಗತಿಯ ಮಗು 20 ಕಿಲೋ ಇದೆ ಎನ್ನೋಣ. ಹಳೆಯ ಲೆಕ್ಕದಲ್ಲಿ ಅದರ ದಿನದ ಪಾಲು 100 ಮಿಲಿಗ್ರಾಂ. 60 ಗ್ರಾಂನ ಕ್ಯಾಂಡಿಯೊಂದರಲ್ಲಿ, ಸುಮ್ಮನೆ ಲೆಕ್ಕಕ್ಕೆಂದು, ಕಿಲೋಗೆ 500 ಮಿಲಿಗ್ರಾಂನಂತೆ ಸ್ಯಾಕರಿನ್ ಹಾಕಿದ್ದರೆ 30 ಮಿಲಿಗ್ರಾಂ ಆಯಿತು. ಜಾತ್ರೆಯ ದಿನ ನಾಲ್ಕು ಕ್ಯಾಂಡಿ ಚೀಪುವ ಹುಡುಗ ಗೆರೆ ದಾಟಿದ. ಒಂದು ದಿನ ದಾಟಿದರೆ ಏನೂ ಆಗುವುದಿಲ್ಲ; ಬದುಕಿನುದ್ದಕ್ಕೂ ದಿನಾ ತಿಂದರೂ ಸುರಕ್ಷಿತ ಎಂದು ಹಾಕಿದ ಗೆರೆ ಅದು. ಬೇಸಿಗೆಯಿಡೀ ದಾಟುತ್ತಾನೆಯೇ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಕ್ಯಾಂಡಿಯಲ್ಲಿರುವುದನ್ನು ಅಳೆಯಬೇಕು.

ಪಾನ್ ಮಸಾಲೆಯ ಕಥೆ ಇನ್ನೂ ವಿಚಿತ್ರ. ಸೋಡಾದಂಥ ಪಾನೀಯದ ಕಿಲೋಗೆ 100 ಮಿಲಿಗ್ರಾಂ ಸ್ಯಾಕರಿನ್ ಸಾಕೆಂದ ನಮ್ಮ ನಿಯಮ, ಸಿಹಿ ಅಡಿಕೆಗೆ 4,000, ಪಾನ್ ಮಸಾಲೆಗೆ 8,000 ಮಿಲಿಗ್ರಾಂವರೆಗೆ ಬಿಟ್ಟುಕೊಟ್ಟಿತು. ಅಡಿಕೆಯನ್ನು ಜಾಗತಿಕ ಕ್ಯಾನ್ಸರ್ ಸಂಸ್ಥೆ ಇಟ್ಟಿರುವುದು ಮೊದಲನೇ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಸಾಲಿನಲ್ಲಿ. ಅಡಿಕೆ ಬೆಳೆಯುವ ಜಿಲ್ಲೆಯವನಾಗಿ ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ. ಆದರೆ ಚೊಗರನ್ನು ಮುಚ್ಚಿ, ಹತ್ತು ವರ್ಷದ ಹುಡುಗನ ಬಾಯಿಗೂ ಅಡಿಕೆಯನ್ನು ರುಚಿಸುವಂತೆ ಮಾಡುವುದು ಈ ಸಿಹಿಯೇ. ಒಂದು ಪದಾರ್ಥ ತಾನು ನಿರಪಾಯಕಾರಿಯಾಗಿದ್ದೂ ಅಪಾಯವನ್ನು ಒಳಗೆ ಕರೆದುಕೊಂಡು ಹೋಗಬಲ್ಲದು. ವಿಷವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ.

ಆಸ್ಪರ್ಟೇಮ್ ಗುಳಿಗೆಯ ರೂಪದಲ್ಲಿ ಬಂದು ಕೃತಕ ಸಿಹಿಗೆ ಮೊದಲ ಬಾರಿಗೆ ಮರ್ಯಾದೆ ತಂದಿತು. ಅದನ್ನು ಕಾಯಿಸಿದರೆ ಸಿಹಿ ಹೋಗುತ್ತದೆ. ನಮ್ಮವರು ಸೊಪ್ಪು, ಸಕ್ಕರೆ, ಹಾಲು ಎಲ್ಲವನ್ನೂ ಒಟ್ಟಿಗೆ ಕುದಿಸಿ ಟೀ ಮಾಡುವವರು. ಗುಳಿಗೆಯನ್ನೂ ಹಾಗೇ ಕುದಿಸಿ “ಇದರಲ್ಲಿ ಸಿಹಿಯೇ ಇಲ್ಲ” ಎಂದು ಇನ್ನೆರಡು ಹಾಕುತ್ತಿದ್ದರು. ಅದನ್ನು ಖಂಡಿತ ಮುಟ್ಟಬಾರದವರೂ ಇದ್ದಾರೆ: ಫೀನೈಲ್‌ಕೀಟೋನೂರಿಯ ಎಂಬ ಹುಟ್ಟುದೋಷದವರು. ಆಸ್ಪರ್ಟೇಮ್ ಒಡೆದಾಗ ಬರುವ ಫೀನೈಲ್ ಅಲನೀನ್ ಅವರ ದೇಹದಲ್ಲಿ ಕರಗದೆ ಮಿದುಳನ್ನು ಕೆಡಿಸುತ್ತದೆ. ಅಪರೂಪದ ಕಾಯಿಲೆ ನಿಜ, ಆದರೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು. ಸೋದರಮಾವ, ಅತ್ತೆಯ ಮಗ ಎಂದು ಮನೆಯೊಳಗೇ ಮದುವೆ ಮಾಡುವ ನಮ್ಮ ಸೀಮೆಯಲ್ಲಿ ಇಂಥ ಕಾಯಿಲೆಗಳನ್ನು ದೂರದ ಮಾತೆಂದು ತಳ್ಳುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾರಮಾ ದೇವಿ ಮತ್ತು ಸಂಗಡಿಗರು 1980ರ ದಶಕದಲ್ಲೇ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದ ಹನಿ ತೆಗೆದು ಅಮೈನೋ ಆಮ್ಲದ ದೋಷಗಳನ್ನು ಹುಡುಕಿದ್ದರು. ದೇಶದಲ್ಲಿ ಯಾರೂ ಯೋಚಿಸದಿದ್ದ ಕಾಲದಲ್ಲಿ ಆದ ಕೆಲಸ ಅದು.

ಇಂಥವರಿಗಾಗಿಯೇ ಡಬ್ಬಿಯ ಮೇಲೆ ಎಚ್ಚರಿಕೆ ಇರಬೇಕು, ಮಕ್ಕಳಿಗೆ ತಕ್ಕದ್ದಲ್ಲವೆಂದು ಬರೆದಿರಬೇಕು ಎಂಬ ನಿಯಮವಿದೆ. ಬರೆದೂ ಇದೆ. ಆದರೆ ನಿಯಮ ಕೇಳುವುದು ಇಂಗ್ಲಿಷ್ ಅಥವಾ ಹಿಂದಿಯನ್ನು. ಬೇರೆ ಭಾಷೆ ಇದ್ದರೆ ಅಡ್ಡಿಯಿಲ್ಲ ಎನ್ನುತ್ತದೆ ಅಷ್ಟೆ. ಮಧುಗಿರಿಯಲ್ಲಿ ಕನ್ನಡ ಓದುವ, ಪಾವಗಡದಲ್ಲಿ ಕನ್ನಡದ ಜೊತೆ ತೆಲುಗನ್ನೂ ಆಡುವ ಜನಕ್ಕೆ ಆ ಎಚ್ಚರಿಕೆ ಬರೀ ಅಲಂಕಾರ.

ಸುಕ್ರಲೋಸ್ 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ಸಂಶೋಧಕನ ನಾಲಿಗೆಗೆ ಸಿಕ್ಕದ್ದು. ಕುದಿಸಿದರೂ ಸಿಹಿ ಹೋಗುವುದಿಲ್ಲ, ಹಾಗಾಗಿ ಅಡುಗೆಮನೆಯನ್ನೇ ಗೆದ್ದಿತು. ಚೆನ್ನೈಯ ಡಾ. ವಿ. ಮೋಹನ್ ಅವರ ತಂಡ ನಮ್ಮ ಕಾಫಿ, ಟೀಯಲ್ಲೇ ಅದನ್ನು ಪರೀಕ್ಷಿಸಿತು. ಸಕ್ಕರೆ ಕಾಯಿಲೆಯವರಿಗೆ ಹನ್ನೆರಡು ವಾರ ಸಕ್ಕರೆಯ ಬದಲು ಸುಕ್ರಲೋಸ್ ಕೊಟ್ಟಾಗ ರಕ್ತದ ಸಕ್ಕರೆ ಏರಲಿಲ್ಲ, ಹೇಳಿಕೊಳ್ಳುವಷ್ಟು ಇಳಿಯಲೂ ಇಲ್ಲ. ತೂಕ, ಸೊಂಟದ ಸುತ್ತಳತೆ ತುಸು ಕಡಿಮೆಯಾದವು. ಚಿಕ್ಕ ಅಧ್ಯಯನ, ಚಿಕ್ಕ ಫಲ. ಆದರೆ ಪಶ್ಚಿಮದ ಹತ್ತು ವರದಿಗಿಂತ ನಮಗೆ ಇದು ಹೆಚ್ಚು ಉಪಯೋಗದ್ದು.

ಬೇಕರಿಯ ‘ಶುಗರ್ ಫ್ರೀ’ ಸಿಹಿತಿಂಡಿಯದು ಬೇರೆ ವ್ಯವಹಾರ. ಮೈಸೂರು ಪಾಕಿನಿಂದ ಸಕ್ಕರೆ ತೆಗೆದರೂ ತುಪ್ಪ, ಕಡಲೆಹಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸಕ್ಕರೆಯ ಜಾಗ ತುಂಬಲು ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿದ್ದರೆ, ನಾಲ್ಕು ತುಂಡು ತಿಂದವರಿಗೆ ಹೊಟ್ಟೆ ಉಬ್ಬರ, ಭೇದಿ. ಕೃತಕ ಸಿಹಿ ಒಗ್ಗುವುದಿಲ್ಲ ಎಂದು ನನ್ನಲ್ಲಿಗೆ ಬಂದವರಲ್ಲಿ ಹೆಚ್ಚಿನವರದು ಇದೇ ದೂರು. ಆಸ್ಪರ್ಟೇಮಿನಿಂದ ತಲೆನೋವು ಎನ್ನುವವರನ್ನೂ ತಳ್ಳಿಹಾಕಬಾರದು. ಆದರೆ ಇಂಗ್ಲೆಂಡಿನ ಹಲ್ ನಗರದಲ್ಲಿ ಅಂಥವರನ್ನೇ ಸೇರಿಸಿ, ಯಾವ ತಿಂಡಿಯಲ್ಲಿ ಆಸ್ಪರ್ಟೇಮ್ ಇದೆಯೆಂದು ಹೇಳದೆ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು.

ಈಗ ಚಾಲ್ತಿಯಲ್ಲಿರುವುದು ಕರುಳಿನ ಸೂಕ್ಷ್ಮಜೀವಿಗಳ ಅಧ್ಯಾಯ. 2014ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಸ್ಯಾಕರಿನ್ ಕರುಳಿನ ಜೀವಿಗಳನ್ನು ಬದಲಿಸಿ ಸಕ್ಕರೆ ಅರಗುವ ಬಗೆಯನ್ನೇ ಕೆಡಿಸಬಹುದೆಂದರು. 2022ರಲ್ಲಿ, ಈ ಪರಿಣಾಮ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಎಂದರು. ಬೆಲೆಯುಳ್ಳ ಕೆಲಸ, ಮುಗಿದ ಕೆಲಸವಲ್ಲ. ತೂಕ ಇಳಿಸಲು ಇವುಗಳನ್ನು ನಂಬಬೇಡಿ ಎಂದು 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದು ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಹೇಳಿದ ಮಾತಲ್ಲ ಎಂಬ ಸಾಲನ್ನು ಓದಿದವರು ಕಡಿಮೆ. ಹೆದರಿ ಗುಳಿಗೆ ಬಿಟ್ಟವರು ಬೆಲ್ಲಕ್ಕೆ ಹೋಗುತ್ತಾರೆ, ‘ನಾಟಿ ಬೆಲ್ಲ ಏನೂ ಮಾಡಲ್ಲ’ ಎಂಬ ಭರವಸೆಯಲ್ಲಿ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಸ್ಟೀವಿಯಾ ಗಿಡದಿಂದ ತೆಗೆದ ಸಿಹಿಗೆ ನಮ್ಮಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿದೆ. ಗಿಡದ್ದು ಎಂಬ ಕಾರಣಕ್ಕೇ ಅದು ಮೇಲು ಎನ್ನುವುದು ಜಾಹೀರಾತಿನ ವಿಜ್ಞಾನ.

ಇಷ್ಟೆಲ್ಲ ಅಧ್ಯಯನಗಳಲ್ಲಿ ಹಲ್ ನಗರದವರಿದ್ದಾರೆ, ಇಸ್ರೇಲಿನವರಿದ್ದಾರೆ, ಲಖನೌ, ಚೆನ್ನೈಯವರೂ ಇದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಒಂದು ಮಗುವಿನ ಲೆಕ್ಕವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಳೆದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಪಾವಗಡದ ಮಕ್ಕಳ ಹಲ್ಲು ಕಂದಿದ್ದು ಮಿಠಾಯಿಯಿಂದ ಎನ್ನುವವರಿದ್ದರು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡನ್ನು ಅಳೆದು, ಲೀಟರಿಗೆ 1.5 ಮಿಲಿಗ್ರಾಂ ಎಂಬ ಗೆರೆಯ ಪಕ್ಕ ಇಟ್ಟ ಮೇಲೆ ದೋಷ ನೀರಿನದೆಂದು ತಿಳಿಯಿತು, ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. 2024ರ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳ ಬಣ್ಣವನ್ನು ಪರೀಕ್ಷಿಸಿ ರೋಡಮಿನ್-ಬಿ ಹಿಡಿದ ನಂತರವೇ ರಾಜ್ಯ ಸರ್ಕಾರ ಕೃತಕ ಬಣ್ಣಕ್ಕೆ ನಿಷೇಧ ಹೇರಿದ್ದು.

ಕೃತಕ ಸಿಹಿಗೂ ಅದೇ ಆಗಲಿ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಒಂದೇ ಆಡಳಿತದಡಿ ಶಾಲೆಗಳನ್ನು ನಡೆಸುತ್ತಿವೆ. ಶಾಲೆಯ ಸುತ್ತ 50 ಮೀಟರಿನೊಳಗೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸು ಮಾರಬಾರದೆಂಬ ನಿಯಮ 2020ರಿಂದ ಇದೆ. ಆಹಾರ ಸುರಕ್ಷತಾ ಅಧಿಕಾರಿಗಳು ಬರುವ ಬೇಸಿಗೆಯಲ್ಲಿ ಶಾಲೆಯ ಮುಂದಿನ ಅಂಗಡಿ, ಜಾತ್ರೆ, ಸಂತೆಗಳಿಂದ ಐಸ್ ಕ್ಯಾಂಡಿ, ಶರಬತ್ತು, ಸಿಹಿ ಅಡಿಕೆ ಪೊಟ್ಟಣಗಳನ್ನು ತೆಗೆದು ಸ್ಯಾಕರಿನ್ ‘ಇದೆ’ ಎಂದಷ್ಟೇ ಬರೆಯದೆ, ‘ಎಷ್ಟಿದೆ’ ಎಂದು ಅಳೆಸಿ ಅಂಕಿಗಳನ್ನು ಊರಿನ ಪಂಚಾಯಿತಿಗೆ ಕೊಡಲಿ. ಡಬ್ಬಿಯ ಎಚ್ಚರಿಕೆ ಕನ್ನಡದಲ್ಲಿ ಬರಲಿ, ಪಾವಗಡಕ್ಕೆ ತೆಲುಗಿನಲ್ಲೂ ಬರಲಿ. ಅಲ್ಲಿಯವರೆಗೆ, ಟೀಗೆ ಒಂದೆರಡು ಗುಳಿಗೆ ಹಾಕಿಕೊಳ್ಳುವ ಹಿರಿಯರು ಹೆದರುವ ಕಾರಣವಿಲ್ಲ. ಮೊಮ್ಮಗನ ಜೇಬಿನಲ್ಲಿ ಸಿಹಿ ಅಡಿಕೆಯ ಪೊಟ್ಟಣ ಸಿಕ್ಕರೆ ಅದನ್ನು ಮೊದಲು ಕಿತ್ತುಕೊಳ್ಳಿ.