ಉಣ್ಣದ ಅನ್ನದ ಇತಿಹಾಸ: ಹುನಗುಂದ ಸೀಮೆಯ ಆಹಾರ ನೇಮಗಳು

ಆಹಾರದ ಚರಿತ್ರೆಯನ್ನು ಬರೆಯಹೊರಟವರಿಗೆ ನಮ್ಮ ಶಾಸನಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆಗೊಡುತ್ತವೆ. ದೇವರ ನೈವೇದ್ಯಕ್ಕೆ ಬಿಟ್ಟ ಗದ್ದೆ, ನಂದಾದೀವಿಗೆಗೆ ಗಾಣದಿಂದ ಸಲ್ಲಬೇಕಾದ ಎಣ್ಣೆ, ಋಷಿಯರ ಆಹಾರದಾನಕ್ಕೆ ಕೊಟ್ಟ ಮತ್ತರು ಭೂಮಿ, ಇವೆಲ್ಲ ಕಲ್ಲಿನ ಮೇಲೆ ಬಂದಿವೆ. ಆದರೆ ಜನರು ಏನನ್ನು ಉಣ್ಣಲಿಲ್ಲ, ಯಾರ ಮನೆಯಲ್ಲಿ ನೀರು ಮುಟ್ಟಲಿಲ್ಲ, ಯಾವ ಹೊತ್ತಿನ ನಂತರ ಬಾಯಿಗೆ ತುತ್ತು ಇಡಲಿಲ್ಲ ಎಂಬುದನ್ನು ಯಾರೂ ಕಡೆದಿಡಲಿಲ್ಲ. ತೆರಿಗೆ ತಿಂದದ್ದರ ಮೇಲೆ ಬೀಳುತ್ತದೆಯೇ ಹೊರತು ಬಿಟ್ಟದ್ದರ ಮೇಲೆ ಬೀಳುವುದಿಲ್ಲ. ಹೀಗಾಗಿ ನಿಷೇಧದ ಚರಿತ್ರೆಯನ್ನು ಧರ್ಮಗ್ರಂಥಗಳಿಂದ ಕಟ್ಟುವ ರೂಢಿ ಬೆಳೆದಿದೆ. ಗ್ರಂಥವು ಹೀಗಿರಬೇಕೆಂದು ಹೇಳುತ್ತದೆ. ಹಾಗೆ ಇತ್ತೇ ಎಂಬ ಪ್ರಶ್ನೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತೇ ಇರುತ್ತದೆ.

ಪ್ರಸ್ತುತ ಲೇಖನವು ಹುನಗುಂದ ಸೀಮೆಯನ್ನು, ಅಂದರೆ ಐಹೊಳೆ, ಕೂಡಲಸಂಗಮ, ಇಳಕಲ್ಲುಗಳನ್ನು ಒಳಗೊಂಡ ಮಲಪ್ರಭಾ-ಕೃಷ್ಣಾ ನಡುವಿನ ನೆಲವನ್ನು ಆಧಾರವಾಗಿಟ್ಟುಕೊಂಡಿದೆ. ಆಹಾರ ನೇಮದ ಮಾತು ಬಂದಾಗ ಲೋಕದ ವಿದ್ವಾಂಸರು ಮೊದಲು ಹೆಸರಿಸುವುದು ಯೆಹೂದ್ಯರ ಕೋಷರ್ ಪದ್ಧತಿಯನ್ನು. ಮೆಲುಕು ಹಾಕುವ, ಗೊರಸು ಸೀಳಿದ ಪ್ರಾಣಿಯಷ್ಟೇ ಯೋಗ್ಯ, ರೆಕ್ಕೆ ಮತ್ತು ಹುರುಪೆಗಳಿರುವ ಮೀನಷ್ಟೇ ಯೋಗ್ಯ, ರಕ್ತ ವರ್ಜ್ಯ, ಮಾಂಸವೂ ಹಾಲೂ ಒಂದೇ ಊಟದಲ್ಲಿ ಕೂಡಬಾರದು. ಹಳೆಯ ಒಡಂಬಡಿಕೆಯ ಯಾಜಕಕಾಂಡ, ಧರ್ಮೋಪದೇಶಕಾಂಡಗಳಿಂದ ಹೊರಟ ಈ ವಿಧಿಗಳು ಎರಡು ಬಗೆಯ ಪಾತ್ರೆ, ಪರಿಣತ ಕಟುಕ, ಗುರುವಿನ ಪರೀಕ್ಷೆ ಎಂಬ ದೊಡ್ಡ ವ್ಯವಸ್ಥೆಯಾಗಿ ಬೆಳೆದವು. ನಮ್ಮ ಸೀಮೆಯಲ್ಲಿ ಯೆಹೂದ್ಯರ ವಸತಿಯಿಲ್ಲ. ಆದರೂ ಈ ಹೋಲಿಕೆ ಒಂದು ಕಾರಣಕ್ಕೆ ಉಪಯುಕ್ತವಾಗಿದೆ: ಗ್ರಂಥದ ನೇಮವೊಂದು ತನ್ನ ಸಮುದಾಯದ ನೆರವಿಲ್ಲದ ಜಾಗದಲ್ಲಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಯನ್ನು ಅದು ಸ್ಪಷ್ಟವಾಗಿ ಎತ್ತುತ್ತದೆ.

ಇದಕ್ಕೆ ಕರ್ನಾಟಕದ ಉದಾಹರಣೆಯೇ ಇದೆ. ಇಂದಿನ ಟ್ಯುನೀಷಿಯಾದ ಮಹ್ದಿಯಾ ಊರಿನ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ವೇಳೆಗೆ ಮಂಗಳೂರಿಗೆ ಬಂದು, 1149ರಲ್ಲಿ ಏಡನ್ನಿಗೆ ಮರಳಿದನು. ಕೈರೋದ ಗೆನಿಝಾ ಕಾಗದಗಳಲ್ಲಿ ಅವನ ಪತ್ರಗಳೂ ಲೆಕ್ಕಗಳೂ ಉಳಿದುಬಂದಿವೆ. ಅವನು ಆಶು ಎಂಬ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರವೂ ಅವುಗಳಲ್ಲಿ ಸೇರಿದೆ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಮೊದಲಾದವನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಅದೇ ಗೆನಿಝಾದಲ್ಲಿ, ಹಡಗಿನಲ್ಲಿ ಬಂದ ಗಿಣ್ಣು ಶಾಸ್ತ್ರಸಮ್ಮತವೆಂದು ದೃಢೀಕರಿಸುವ ಪ್ರಮಾಣಪತ್ರಗಳೂ ದೊರೆತಿವೆ. ಇಂದಿನ ಪೊಟ್ಟಣಗಳ ಮೇಲಿನ ಮುದ್ರೆಯ ಪೂರ್ವಜರು ಇವು. ಹಣ, ಹಿತ್ತಾಳೆ, ಮೆಣಸುಗಳ ಬಗ್ಗೆ ಇಷ್ಟೊಂದು ಮಾತನಾಡುವ ಪತ್ರಗಳು ಒಲೆಯ ಬಳಿಗೆ ಬರುವುದಿಲ್ಲ. ಆ ಮನೆಯಲ್ಲಿ ಮೋಶೆಯ ವಿಧಿ ನಡೆದಿದ್ದರೆ ಅದನ್ನು ನಡೆಸಿದ ಕೈ ಕರಾವಳಿಯಲ್ಲಿ ಹುಟ್ಟಿದ ಹೆಣ್ಣಿನದೇ ಆಗಿರಬೇಕು.

ಕೊಂಕಣದ ಬೆನೆ ಇಸ್ರೇಲಿಗಳ ಐತಿಹ್ಯವೂ ಇದನ್ನೇ ಸೂಚಿಸುತ್ತದೆ. ಗಾಣಗಾರ ವೃತ್ತಿಯ ಈ ಜನ ಶನಿವಾರ ಕೆಲಸ ಮಾಡದ ಕಾರಣ 'ಶನಿವಾರ ತೇಲಿ' ಎನಿಸಿಕೊಂಡಿದ್ದರು. ಡೇವಿಡ್ ರಹಾಬಿ ಎಂಬವನು ಬಂದು, ಇವರು ಯೆಹೂದ್ಯರೇ ಎಂದು ಪರೀಕ್ಷಿಸಲು ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನು ಇರಿಸಿದನಂತೆ. ಅವರು ರೆಕ್ಕೆ, ಹುರುಪೆಗಳಿಲ್ಲದ ಮೀನುಗಳನ್ನು ಬದಿಗಿಟ್ಟರಂತೆ. ಗ್ರಂಥ ಮರೆತುಹೋಗಿದ್ದರೂ ಮೀನು ಆರಿಸುವ ಕೈ ಮರೆತಿರಲಿಲ್ಲ. ಕಥೆಯ ಐತಿಹಾಸಿಕತೆಯ ಬಗ್ಗೆ ಸಂದೇಹಗಳಿರಬಹುದು. ನೇಮದ ವಿಳಾಸವನ್ನು ಅದು ಸರಿಯಾಗಿ ಹೇಳಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಐಹೊಳೆಯ ಮೇಗುತಿ ಗುಡ್ಡದ ಜಿನಾಲಯವನ್ನು ರವಿಕೀರ್ತಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634ರ ಸುಮಾರಿಗೆ ಕಟ್ಟಿಸಿದನು. ಅಲ್ಲಿನ ಪ್ರಶಸ್ತಿಯನ್ನು ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕಾಗಿ ಓದುವುದೇ ಹೆಚ್ಚು. ಗುಡ್ಡದ ಕೆಳಗಿನ ಊರಿನಲ್ಲಿ ಜೈನ ಗೃಹಸ್ಥರು ಹೇಗೆ ಉಂಡರೆಂಬುದಕ್ಕೆ ಶ್ರಾವಕಾಚಾರ ಗ್ರಂಥಗಳನ್ನು ನೋಡಬೇಕು. ಸಮಂತಭದ್ರನ ರತ್ನಕರಂಡಕವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಂದಿಗೆ ಸೇರಿಸಿ ಎಂಟು ಮೂಲಗುಣಗಳೆಂದು ಎಣಿಸುತ್ತದೆ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯ ಎಣಿಕೆಯಲ್ಲಿ ಅಣುವ್ರತಗಳ ಜಾಗಕ್ಕೆ ಆಲ, ಅತ್ತಿ ಮೊದಲಾದ ಐದು ಹಣ್ಣುಗಳ ತ್ಯಾಗ ಬಂದಿದೆ. ಈ ವ್ಯತ್ಯಾಸವನ್ನು ಕೇವಲ ಪಾಠಭೇದವೆಂದು ಬಿಡಲಾಗದು. ಸತ್ಯ, ಅಸ್ತೇಯಗಳಂತಹ ಅಳೆಯಲಾಗದ ಗುಣಗಳ ಬದಲು ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಗುರುತು ಬಂದಿತು. ಶ್ರಾವಕನನ್ನು ಅವನ ನೆರೆಯವನು ಗುರುತಿಸುವುದು ಸುಲಭವಾಯಿತು.

ಜೈನ ನೇಮವನ್ನು ಕಾಯ್ದ ನಿಜವಾದ ಸಂಸ್ಥೆ ಮುನಿಯ ಆಹಾರಚರ್ಯೆ. ದಿಗಂಬರ ಮುನಿ ದಿನಕ್ಕೆ ಒಮ್ಮೆ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾನೆ. ಕೂದಲೋ ಹುಳುವೋ ಕಂಡರೆ ಅಂತರಾಯವೆಂದು ಅಲ್ಲಿಗೇ ನಿಲ್ಲಿಸುತ್ತಾನೆ, ಮತ್ತೆ ಮರುದಿನವೇ. ಮನೆಗೆ ಬಂದ ಮುನಿ ಉಣ್ಣದೆ ಹೋದರೆ ಆ ಗೃಹಿಣಿಯ ಸಂಕಟ ಎಷ್ಟಿರಬಹುದು! ನೀರನ್ನು ಸೋಸುವ ಅರಿವೆ, ಸೂರ್ಯಾಸ್ತದ ಮೊದಲೇ ಆರುವ ಒಲೆ, ಕಾಳನ್ನು ಬಿಸಿಲಿನಲ್ಲಿ ಹರವಿ ಆರಿಸುವ ತಾಳ್ಮೆ, ಇವು ಉಪದೇಶದಿಂದ ಉಳಿದದ್ದಕ್ಕಿಂತ ಈ ಒಬ್ಬ ಅತಿಥಿಯ ಭಯ-ಭಕ್ತಿಯಿಂದ ಉಳಿದದ್ದು ಹೆಚ್ಚು. ನೇಮದ ಒಳಗಿನ ತರ್ಕವನ್ನು ಜನ್ನನ ಯಶೋಧರ ಚರಿತೆ (1209) ಕೊನೆಯವರೆಗೂ ಒಯ್ದಿತು. ಅಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ತಾಯಿ-ಮಗ ಜನ್ಮಜನ್ಮಾಂತರಗಳಲ್ಲಿ ಅದರ ಫಲವನ್ನು ಉಣ್ಣುತ್ತಾರೆ. ಸಸ್ಯದಿಂದ ಮಾಡಿದ ಮಾಂಸದಂತಹ ಆಹಾರ ಅಂಗಡಿಗೆ ಬಂದಿರುವ ಇಂದು, ಅದನ್ನು ವ್ರತಸ್ಥರು ತಿನ್ನಬಹುದೇ ಎಂದು ಚರ್ಚಿಸುವವರು ಜನ್ನನನ್ನು ಮತ್ತೊಮ್ಮೆ ಓದಬೇಕು.

ಬೆನ್ ಯಿಜು ಮಂಗಳೂರಿನಲ್ಲಿದ್ದ ಶತಮಾನದಲ್ಲಿಯೇ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಕಲ್ಯಾಣದಲ್ಲಿ ಆಹಾರದ ಪ್ರಶ್ನೆಯನ್ನು ಬೇರೆಯೇ ನೆಲೆಗೆ ತಂದರು. ಶರಣರ ದೃಷ್ಟಿಯಲ್ಲಿ ಅನ್ನವು ಮೊದಲು 'ಪದಾರ್ಥ' ಮಾತ್ರ. ಅಂಗೈಯ ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದು 'ಪ್ರಸಾದ'. ಅನರ್ಪಿತವನ್ನು ಮುಟ್ಟಬಾರದು, ಪ್ರಸಾದವನ್ನು ಚೆಲ್ಲಬಾರದು. ಈ ಸೀಮೆಯ ಹಿರಿಯರು ಊಟದ ನಂತರ ತಾಟನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿಯುವ ರೂಢಿ ಈ ತತ್ತ್ವದಿಂದ ಬಂದುದು. ಶುದ್ಧಿಯು ಅಡಿಗೆಯವರ ಜಾತಿಯಿಂದ ಉಣ್ಣುವವನ ಅಂಗೈಗೆ ಸರಿಯಿತು. ಬಸವಣ್ಣನವರು ಅಂತ್ಯಜರೆನಿಸಿದ್ದ ನಾಗಿದೇವನ ಮನೆಯಲ್ಲಿ ಉಂಡರೆಂಬ ದೂರು ಬಿಜ್ಜಳನ ಸಭೆಗೆ ಹೋದ ಪ್ರಸಂಗ, ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಸವಿದ ಕಥೆ, ಇವೆರಡೂ ಪುರಾಣದ ಬಣ್ಣ ಹೊತ್ತಿದ್ದರೂ ವಿವಾದದ ಬಿಸಿಯನ್ನು ಕಾಪಾಡಿಕೊಂಡಿವೆ.

ಆದರೆ ನಮ್ಮ ಅಧ್ಯಯನಗಳು ಇಲ್ಲಿಗೆ ನಿಲ್ಲುವುದು ವಾಡಿಕೆ. ಅದರ ಇನ್ನೊಂದು ಬದಿಯನ್ನು ಹೇಳಬೇಕು. ಶರಣ ಸಾಹಿತ್ಯದಲ್ಲಿ 'ಭವಿ'ಯ ನಿರಾಕರಣೆಯೂ ಇದೆ. ಲಿಂಗವಿಲ್ಲದವರು ಮಾಡಿದ ಅಡಿಗೆ ಭವಿಪಾಕ, ವರ್ಜ್ಯ. ಮೊದಲಿಗೆ ಇದು ಹುಟ್ಟನ್ನಲ್ಲ, ದೀಕ್ಷೆಯನ್ನು ನೋಡುವ ಗೆರೆಯಾಗಿತ್ತು. ಯಾರು ಬೇಕಾದರೂ ದಾಟಬಹುದಾಗಿತ್ತು. ದೀಕ್ಷೆಯೇ ಹುಟ್ಟಿನ ಹಕ್ಕಾದ ಮೇಲೆ ಅದೇ ಗೆರೆ ಗೋಡೆಯಾಯಿತು. ಕಲ್ಯಾಣದಲ್ಲಿ ಸಹಭೋಜನಕ್ಕೆ ದಾರಿ ತೆರೆದ ನೇಮ, ಮುಂದೆ ಹಳ್ಳಿಗಳಲ್ಲಿ ಬೇರೆ ಬಾವಿ, ಬೇರೆ ಪಂಕ್ತಿ, ಚಹಾದ ಅಂಗಡಿಯ ಬೇರೆ ಬಟ್ಟಲುಗಳ ಸಮರ್ಥನೆಗೆ ಒದಗಿತು. ಇದನ್ನು ಕೇವಲ ವೈದಿಕದ ಪ್ರಭಾವವೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಆಹಾರ ನೇಮವನ್ನು ಸಾಕ್ಷಿಯಾಗಿ ಕರೆಯುವಾಗ ಅದನ್ನು ಪಾಲಿಸಿದವರ ಜೊತೆಗೆ ಅದರಿಂದ ಹೊರಗೆ ನಿಂತವರ ಹೇಳಿಕೆಯನ್ನೂ ಕೇಳಬೇಕು.

ಇಳಕಲ್ಲಿನ ವಿಷಯ ಹೀಗಿಲ್ಲ. ಸೀರೆಯ ಮಗ್ಗಗಳಿಂದಲೂ ಕೆಂಪು ಗ್ರಾನೈಟ್ ಗಣಿಗಳಿಂದಲೂ ಹೆಸರಾದ ಈ ಊರು ಕೂಲಿಯ ಊರೂ ಹೌದು. ಕೂಲಿಯ ದುಡ್ಡು ಸಂಜೆ ಎಲ್ಲಿಗೆ ಹೋಗುತ್ತದೆಂಬುದು ಮನೆಯ ಹೆಂಗಸರಿಗೆ ಗೊತ್ತಿದ್ದ ಸಂಗತಿ. ಚಿತ್ತರಗಿ-ಇಳಕಲ್ಲ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜಂಗಮನ ಜೋಳಿಗೆ ಪರಂಪರೆಯಿಂದ ಜೋಳ, ಅಕ್ಕಿ, ರೊಟ್ಟಿಗಳನ್ನು ಬೇಡುವಂತಹುದು. ಈ ಜೋಳಿಗೆ ದುಶ್ಚಟಗಳನ್ನು ಬೇಡಿತು. ಓಣಿಓಣಿಯಲ್ಲಿ ಜನ ಅದಕ್ಕೆ ಬೀಡಿ, ತಂಬಾಕು, ಗುಟ್ಕಾ ಚೀಟಿಗಳನ್ನು ಹಾಕಿ, ಕುಡಿಯುವುದಿಲ್ಲವೆಂದು ಆಣೆ ಮಾಡಿದರು. ನಿಷೇಧದ ಚರಿತ್ರೆಯಲ್ಲಿ ಇದು ಗಮನಾರ್ಹ ತಿರುವು. ಇಲ್ಲಿ ಅಡಿಗೆಯವರ ಜಾತಿಯೂ ಇಲ್ಲ, ಪಾತ್ರೆಯ ಶುದ್ಧಿಯೂ ಇಲ್ಲ, ಉಣ್ಣುವವನ ಮತವೂ ಇಲ್ಲ. ಬಿಡಬೇಕಾದುದನ್ನು ದಾನದ ರೂಪಕ್ಕೆ ತಂದದ್ದರಿಂದ ಬಿಟ್ಟವನು ದಾನಿಯೆನಿಸಿದನು, ಅಪರಾಧಿಯೆನಿಸಲಿಲ್ಲ. ಆಣೆ ಮಾಡಿದವರೆಲ್ಲರೂ ಅದನ್ನು ಉಳಿಸಿಕೊಂಡರೆಂದು ಯಾರೂ ಹೇಳಲಾರರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಅಂಗಡಿಯ ಮದ್ಯ ಅದರ ನಂತರವೂ ಉಳಿಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಆಧುನಿಕ ಕಾಲದಲ್ಲಿ ನೇಮವು ಒಲೆಯನ್ನು ಬಿಟ್ಟು ಪೊಟ್ಟಣವನ್ನು ಏರಿತು. ಅಮೆರಿಕೆಯ ಯೆಹೂದ್ಯ ಸಂಸ್ಥೆಗಳು 1920ರ ದಶಕದಲ್ಲಿಯೇ ಡಬ್ಬಿಯ ಆಹಾರಕ್ಕೆ ಕೋಷರ್ ಮುದ್ರೆ ಕೊಡಲು ತೊಡಗಿದವು. ಭಾರತದ ಮಸಾಲೆ ರಫ್ತುದಾರರೂ ಇಂದು ಆ ಪ್ರಮಾಣಪತ್ರವನ್ನು ಪಡೆಯುತ್ತಾರೆ. ನಮ್ಮಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಕಡ್ಡಾಯವಾದದ್ದು 2001ರ ನಿಯಮಗಳಿಂದ. ಆದರೆ ಆ ಚುಕ್ಕೆ ಜೈನನಿಗೆ ಗಡ್ಡೆ-ಗೆಣಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಲಿಂಗವಂತನಿಗೆ ಅರ್ಪಿತ-ಅನರ್ಪಿತದ ಬಗ್ಗೆಯೂ ಹೇಳುವುದಿಲ್ಲ. ನೂರು ಬಗೆಯ ನೇಮಗಳನ್ನು ಸರಕಾರ ಎರಡು ಬಣ್ಣಕ್ಕೆ ಇಳಿಸಿತು. ಓದಲು ಸುಲಭ, ನಿಜ.

ಈ ಎರಡು ಬಣ್ಣಗಳ ಜಗಳ ಶಾಲೆಯ ಅಂಗಳಕ್ಕೆ ಬಂದದ್ದನ್ನು ನಾವೇ ಕಂಡಿದ್ದೇವೆ. ರಾಜ್ಯದ ಬಿಸಿಯೂಟ ಯೋಜನೆ 2002ರಲ್ಲಿ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಶರಣರ ಶಬ್ದವೇ ಸರಕಾರದ ಅನ್ನಕ್ಕೆ ಬಂದಿತು. 2021ರ ಡಿಸೆಂಬರಿನಲ್ಲಿ ನೆರೆಯ ವಿಜಯಪುರ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಅಪೌಷ್ಟಿಕತೆಯ ಕಾರಣಕ್ಕೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರೂ ಜೈನ ಸಂಘಟನೆಗಳೂ ಒಂದೇ ಪಂಕ್ತಿಯಲ್ಲಿ ಭೇದ ಹುಟ್ಟುತ್ತದೆಂದು ವಿರೋಧಿಸಿದರು. ಮೊಟ್ಟೆ ತಿನ್ನುವ ಮಕ್ಕಳ ಹಸಿವನ್ನು ಮುಂದಿಟ್ಟು ವಿದ್ಯಾರ್ಥಿಗಳೇ ಉತ್ತರ ಕೊಟ್ಟರು. 2022ರಲ್ಲಿ ಯೋಜನೆ ರಾಜ್ಯದಾದ್ಯಂತ ವಿಸ್ತರಿಸಿ, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದು ಗೊತ್ತಾಯಿತು. ಭೇದದ ಆತಂಕವನ್ನು ಅಲ್ಲಗಳೆಯಲಾಗದು. ಆದರೆ ಪಂಕ್ತಿಭೇದದ ಇಷ್ಟು ದೀರ್ಘ ಚರಿತ್ರೆಯಲ್ಲಿ ಈ ಆತಂಕ ಕೆಳಗೆ ಕುಳಿತವರ ಪರವಾಗಿ ಎಷ್ಟು ಸಲ ಎದ್ದಿತ್ತು ಎಂದು ಕೇಳುವ ಹಕ್ಕು ಚರಿತ್ರಕಾರನಿಗಿದೆ.

ಸಂಶೋಧಕರಿಗೆ ಇದರಿಂದ ಒಂದು ಲಾಭವಾಗಿದೆ. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು, ಎಷ್ಟು ಚಿಕ್ಕಿ ಎಂಬ ಲೆಕ್ಕವನ್ನು ಶಾಲೆಗಳು ಬರೆದಿಡಬೇಕಾಯಿತು. ಮೇಗುತಿಯ ಗುಡ್ಡದಿಂದ ಇಲ್ಲಿಯವರೆಗೆ ಯಾವ ಅರಸನೂ ಬರೆಸದಿದ್ದ ಲೆಕ್ಕ ಅದು: ಉಣ್ಣದವರ ಲೆಕ್ಕ. ಬಾಳೆಹಣ್ಣು ಪಡೆದವರಲ್ಲಿ ವ್ರತಸ್ಥರೆಷ್ಟು, ಮನೆಯವರಿಗೆ ಅಂಜಿದವರೆಷ್ಟು, ಮೊಟ್ಟೆಯ ವಾಸನೆ ಸೇರದವರೆಷ್ಟು ಎಂಬುದನ್ನು ಮಾತ್ರ ಆ ಪುಸ್ತಕಗಳು ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಆ ಮಕ್ಕಳನ್ನೂ, ಅವರ ತಾಯಂದಿರನ್ನೂ, ಅಡಿಗೆಯ ಸಿಬ್ಬಂದಿಯನ್ನೂ ಈಗಲೇ ಮಾತನಾಡಿಸಬೇಕು.